ಉಡಿ ತುಂಬಿದ ಹುಲಿಗೆವ್ವ

ಮಾನ್ಯ ಅಧ್ಯಕ್ಷರಾದ ಶಾಮಣ್ಣನವರೇ, ಹೊದಿಸಿದ ಶಾಲಿನೊಳಗೆ ಸಂಕೋಚದಿಂದ ಮುದುಡಿ ಕೂತಿರುವ ಇಂದಿನ ಸನ್ಮಾನಿತೆ ಹುಲಿಗೆವ್ವನವರೇ, ಊಟದ ಘಮ ಬಂದರೂ ಜಾಗ ಬಿಟ್ಟೇಳದ ಸಭಿಕರೇ,

ನಮ್ಮ ಜಯನಗರದ ಆಸರೆ ಬಳಗದ ವಾರ್ಷಿಕೋತ್ಸವದಲ್ಲಿ ನಾನು ಎರಡೇ ಮಾತು ಆಡಬೇಕಂತೆ. ಈ ಸರಸ್ವತಿ ಎರಡು ಮಾತಿಗೆ ನಿಲ್ಲಿಸಿದ್ದನ್ನು ಯಾರಾದರೂ ಕಂಡಿದ್ದೀರಾ?

ಕೃಷ್ಣೆ ಉಕ್ಕಿದ ವರ್ಷ ಲಾರಿಯಲ್ಲಿ ಅಕ್ಕಿ, ಬೇಳೆ, ಕಂಬಳಿ ಹೇರಿಕೊಂಡು ಈ ಹುಲಿಗೆವ್ವನವರ ಊರಿಗೆ ಹೋದೆವು. ಮನೆ ಕಳೆದುಕೊಂಡವರೆಲ್ಲ ಶಾಲೆಯಲ್ಲಿದ್ದರು. ನಾವೋ, ಜಯನಗರ ನಾಲ್ಕನೇ ಬ್ಲಾಕಿನ ಬಳಗದ ಶಿಸ್ತಿನವರು! ಹಗ್ಗ ಕಟ್ಟಿ, ಕ್ಯೂ ನಿಲ್ಲಿ ಅಂದೆವು. ಒಬ್ಬ ಹೆಂಗಸೂ ಬರಲಿಲ್ಲ. ಮಕ್ಕಳು ಹಸಿದಿದ್ದವು, ಅಕ್ಕಿ ಲಾರಿಯಲ್ಲೇ ಕೂತಿತ್ತು. "ಏನ್ರೀ ಮೇಡಂ, ಇಷ್ಟು ದೂರ ಬಂದಿದೀವಿ, ಯಾರೂ ಬರ್ತಿಲ್ವಲ್ಲಾ!" ಅಂತ ಶಾಮಣ್ಣನವರು ಒದ್ದಾಡಿದರು. ಆಗ ಹುಲಿಗೆವ್ವ ಮುಂದೆ ಬಂದರು.

"ಅಕ್ಕಾರ, ಕೈ ಚಾಚಿ ಪಾಳಿ ಹಚ್ಚೂ ಮಂದಿ ನಾವಲ್ರಿ. ಕೊಡೂದಿದ್ರ ಉಡ್ಯಾಗ ಹಾಕ್ರಿ."

ಅಯ್ಯೋ, ತವರಿಗೆ ಬಂದ ಮಗಳಿಗೆ ನಾವೂ ಮಡಿಲು ತುಂಬುವುದಿಲ್ಲವೇ? ಹಗ್ಗ ಬಿಚ್ಚಿದೆವು. ಒಬ್ಬೊಬ್ಬರನ್ನೇ ಕೂರಿಸಿ, ಸೆರಗಿಗೆ ಅಕ್ಕಿ ಬೇಳೆ ಹಾಕಿದೆವು. ಲಾರಿ ಖಾಲಿಯಾಯಿತು. ಹೊರಡುವಾಗ ಹುಲಿಗೆವ್ವ ಅದೇ ಅಕ್ಕಿಯಲ್ಲಿ ಒಂದು ಹಿಡಿ ನನ್ನ ಸೆರಗಿಗೂ ಹಾಕಿ, "ಬರೀ ಉಡೀಲೆ ಹೋಗಬಾರದ್ರಿ" ಅಂದರು.

ಆಮೇಲೆ ಅವರು ಮಗನ ಜೊತೆ ಬಿಟಿಎಂ ಲೇಔಟಿಗೆ ಬಂದು ನೆಲೆಸಿದರು. ಹೋದ ಮಳೆಗಾಲದಲ್ಲಿ ರಾಜಕಾಲುವೆ ಜೆ.ಪಿ. ನಗರದ ನಮ್ಮ ಮನೆಯ ಹಾಲಿಗೇ ಬಂತು. ಸೋಫಾ ತೇಲಿತು, ಸಿಲಿಂಡರು ತೇಲಿತು. ನಮ್ಮ ಯಜಮಾನರು ಮಾತ್ರ ಮೆಟ್ಟಿಲ ಮೇಲೆ ಪೇಪರ್ ಓದುತ್ತಾ ಕೂತಿದ್ದರು! ಯಾರೋ ಪುಣ್ಯಾತ್ಮರು ಊಟದ ಪೊಟ್ಟಣ ತಂದರು. ಇಡೀ ಬೀದಿ ಕೈ ಚಾಚಿತು. ಈ ಕೈ ಮಾತ್ರ ಏಳಲೇ ಇಲ್ಲ. ಕೊಟ್ಟು ಅಭ್ಯಾಸವಾದ ಕೈ ನೋಡಿ! ಹೊಟ್ಟೆ ಚುರುಗುಟ್ಟುತ್ತಿದ್ದರೂ "ನಮ್ದು ಊಟ ಆಯ್ತು" ಅಂದುಬಿಟ್ಟೆ.

ಅಷ್ಟರಲ್ಲಿ ಸೀರೆ ಎತ್ತಿಕಟ್ಟಿ, ತಲೆಯ ಮೇಲೆ ರೊಟ್ಟಿ ಬುಟ್ಟಿ ಹೊತ್ತು ನೀರಿನಲ್ಲಿ ಹುಲಿಗೆವ್ವ ಬಂದರು.

"ನಿಮ್ಮನ್ನ ಪಾಳಿ ಹಚ್ಚಸೂದಿಲ್ರಿ ಅಕ್ಕಾರ. ಸೆರಗ ಒಡ್ಡ್ರಿ."

ಸೆರಗೆಲ್ಲಿಂದ ತರಲಿ? ನೈಟಿಯಲ್ಲಿದ್ದೆ!

"ವೇಲ್ ಐತಲ್ರಿ" ಅಂತ ನಕ್ಕರು. ನೈಟಿಯ ಮೇಲಿನ ವೇಲನ್ನೇ ಒಡ್ಡಿದೆ. ರೊಟ್ಟಿಯೂ ಶೇಂಗಾ ಚಟ್ನಿಯೂ ಬಂದು ಬಿದ್ದವು. ಅಳುವೂ ಬಂತು, ನಗುವೂ ಬಂತು.

ಕೇಳಿಸಿಕೊಂಡ ನಿಮಗೆಲ್ಲ ವಂದನೆಗಳು. ಕಾರ್ಡಿನಲ್ಲಿ ಬಫೆ ಅಂತಿದೆ, ಅದನ್ನು ನಾನೇ ರದ್ದು ಮಾಡಿಸಿದ್ದೇನೆ. ಯಾರೂ ತಟ್ಟೆ ಹಿಡಿದು ನಿಲ್ಲಬೇಡಿ. ಎಲೆ ಹಾಕಿದೆ, ಕೂತುಕೊಳ್ಳಿ, ಬಡಿಸುತ್ತೇವೆ. ಹುಲಿಗೆವ್ವನವರೇ, ಮೊದಲ ಎಲೆ ನಿಮ್ಮದು. ನಮಸ್ಕಾರ.