ಅವ್ವನ ರೊಟ್ಟಿಯ ತಾಳ

ಅಮೆರಿಕದ ಮೌಂಟನ್ ವ್ಯೂನ ಆಸ್ಪತ್ರೆಯಲ್ಲಿ ಗಂಡನ ಆಪರೇಷನ್ ಮುಗಿಯಲೆಂದು ಕಾಯುತ್ತ ಕೂತಿದ್ದ ಶೈಲಜಾಳ ಕಿವಿ ಕನ್ನಡದ ಮಾತು ಕೇಳಿದ್ದೇ ನೆಟ್ಟಗಾಯಿತು. ಐಸಿಯು ಬಾಗಿಲ ಪಕ್ಕದಲ್ಲಿ ಅಕ್ಕ, ತಮ್ಮ. ತಮ್ಮನ ತೊಡೆಯ ಮೇಲೆ ಲ್ಯಾಪ್‌ಟಾಪು.

“ಕುಕ್ಕರ್ ಸೀಟಿ, ಒಗ್ಗರಣಿ ಸಪ್ಪಳ, ಎಲ್ಲಾ ಜೋಡಿಸಿ ಹಾಡು ಮಾಡೇನಿ ಅಕ್ಕಾ. ಮೂರು ದಿನ ಕೇಳಿಸಿದ್ರೂ ಅವ್ವ ಕಣ್ಣು ಬಿಡವಲ್ಲಳು.”

“ರೊಟ್ಟಿ ಬಡಿಯೋ ಸಪ್ಪಳ ಎಲ್ಲೈತಿ ಅದರಾಗ?”

“ನೀ ಬಡದಿದ್ದು ಹಾಕೇನಲ್ಲ.”

“ನನ್ನ ಕೈಯಾಗ ಅವ್ವನ ತಾಳ ಇಲ್ಲೋ. ಆಕಿದೇ ಬೇಕು. ಇನ್ನ ಆಸೆ ಇಲ್ಲಂತ ಇವತ್ತ ನಾಲ್ಕು ಗಂಟೆಕ್ಕ ಉಸಿರಿನ ಮಷಿನ್ ತೆಗೀತಾರ!”

ತಮ್ಮ ಲ್ಯಾಪ್‌ಟಾಪಿನಲ್ಲಿ ಹಳೆಯ ಫೈಲೊಂದನ್ನು ಹುಡುಕಿ ತೆಗೆದ.

“ಒಂದು ಐತಿ. ಹಳೇ ಆಫೀಸ್ ಮೀಟಿಂಗಿನ ರೆಕಾರ್ಡಿಂಗು. ಹಿಂದ ಅಡಗಿಮನ್ಯಾಗ ಅವ್ವ ರೊಟ್ಟಿ ಬಡಿಯಾಕತ್ಯಾಳ. ನಾನು ‘ಮೀಟಿಂಗ್ ನಡದೈತಿ, ನಿಲ್ಸವ್ವಾ’ ಅಂತ ಒದರೇನಿ.”

“ಆಮ್ಯಾಲೆ?”

“ನಿಲ್ಲಿಸಿಬಿಟ್ಟಾಳ. ಬಡಿಯೋ ಸಪ್ಪಳ ಇರೋದು ಹನ್ನೊಂದು ಸೆಕೆಂಡು, ಅಷ್ಟೇ.”

ನರ್ಸು ಬಾಗಿಲು ತೆರೆದು ಅವರನ್ನು ಒಳಗೆ ಕರೆದಳು. ಅಕ್ಕ ತಮ್ಮನ ತೋಳು ಹಿಡಿದು ಎಬ್ಬಿಸಿದಳು.

“ಏಳು. ಅದನ್ನೇ ಹಚ್ಚು. ಈ ಸಲ ಆಕಿ ಕಿವ್ಯಾಗ ನೀನೇ ಹೇಳು, ನಿಲ್ಲಿಸಬ್ಯಾಡವ್ವಾ ಅಂತ.”

ತೆರೆದ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ತಮ್ಮ ಅವಳ ಹಿಂದೆ ಓಡಿದ.