ದಿಲ್ಲಿಯ ನೋಟಿಸು

ಮಾರ್ಕೆಟ್ ಯಾರ್ಡಿನಲ್ಲಿ ಹಡಪಸರದ ಬಸ್ಸಿಗೆ ನಿಂತಿದ್ದೆ. ಮುಂದೆ ಈರುಳ್ಳಿ ಆರಿಸುವ ಇಬ್ಬರು ಹೆಂಗಸರಿದ್ದರು. ಕೇಳಬಾರದಿತ್ತೇನೋ, ಕೇಳಿಸಿಕೊಂಡೆ.

"ನಿನ್ನ ನಸೀಬ ಛಲೋ ಅದ, ಸಾವಂತ್ರಕ್ಕಾ. ನಿನ್ನ ಗಂಡನ ಸಲುವಾಗಿ ದಿಲ್ಲಿ ಮಾನವ ಹಕ್ಕು ಆಯೋಗದವರು ತಾವಾಗೇ ಪೊಲೀಸರಿಗೆ ನೋಟಿಸ್ ಕೊಟ್ಟರು."

"ಠಾಣೆದಾಗ ಸತ್ತರ ಕೇಳಲೇಬೇಕಂತ, ನಿಂಗವ್ವಾ."

"ನನ್ನ ಗಂಡಂದೂ ಅದೇ ಠಾಣೆದಾಗ ಕಾಲು ಮುರಿದಾರ. ನನ್ನ ಅರ್ಜಿಗೆ ಮಾತ್ರ, ವರ್ಷ ದಾಟೇದ, ತಗೊಳ್ಳಂಗಿಲ್ಲ ಅಂದ್ರು."

"ಲಗೂನ ಕೊಡಬೇಕಿತ್ತು. ಅಂಜಿ ಕುಂತಿ."

"ಮತ್ತ ಎಳಕೊಂಡು ಹೋದರ ಅಂತ ಅಂಜಿದೆ. ನಿನಗೇನು, ಅಂಜಾಕ ಏನು ಉಳದಿತ್ತು?"

ಬಸ್ಸು ಬಂತು.

"ಹತ್ತವಾ, ನಿಂಗವ್ವಾ. ಮನ್ಯಾಗ ನಿನ್ನ ಗಂಡ ಉಣ್ಣಾಕ ನಿನ್ನ ದಾರಿ ನೋಡ್ತಿರ್ತಾನ."

ಇಬ್ಬರೂ ಹತ್ತಿದರು. ಅವರ ಜೊತೆ ಹತ್ತಲು ಮನಸ್ಸಾಗದೆ ನಾನು ಮುಂದಿನ ಬಸ್ಸಿಗೆ ನಿಂತೆ.