ಹನ್ನೆರಡನೇ ಪಟ್ಟಿ

ಇದು ನಮ್ಮ ದೊಡ್ಡಮ್ಮನ ಮಗಳಿಗೆ, ಅಕ್ಕನಿಗೆ, ಆಗಿದ್ದು. ನಗೋದಾದ್ರೆ ಈಗಲೇ ನಕ್ಕುಬಿಡಿ. ಮಧ್ಯದಲ್ಲಿ ನಕ್ಕರೆ ನನಗೆ ಮುಂದೆ ಹೇಳೋಕಾಗಲ್ಲ.

ರಾತ್ರಿ ಹನ್ನೊಂದೂವರೆ. ಅಕ್ಕ ಲ್ಯಾಬಿಂದ ರೂಮಿಗೆ ನಡ್ಕೊಂಡು ಬರ್ತಿದ್ಲು. ಜೊತೆಗೆ ರೂಮಿನವಳು. ಅವಳನ್ನ ಎಲ್ಲರೂ ಗೂಬೆ ಅಂತಾರೆ, ಬೆಳಗಾಗೋ ತನಕ ಓದ್ತಾ ಕೂರ್ತಾಳೆ ಅಂತ. ಲ್ಯಾಬ್ ಹಿಂದೆ ಹಳೇ ಬಾವಿ. ಮೇಲೆ ಕಬ್ಬಿಣದ ಜಾಲರಿ. ದಾರಿ ಅದರ ಪಕ್ಕದಲ್ಲೇ...

"ಮುಗೀತಾ?" ಗೂಬೆ ಕೇಳಿದ್ಲು.

"ಮುಗಿಸಿದೆ."

"ಮುಖ ಯಾಕೆ ಹಾಗಿದೆ ಮತ್ತೆ? ಕದ್ದು ಸಿಕ್ಕಿಬಿದ್ದೋರ ಥರ."

ಅಕ್ಕ ಸ್ವೆಟರ್ ಜೇಬನ್ನ ಒತ್ತಿ ಹಿಡ್ಕೊಂಡ್ಲು.

ಅಕ್ಕನ ಪಿಎಚ್‌ಡಿ ಕೆಲಸ ಏನಂದ್ರೆ, ಒಂಥರಾ ಪ್ಲಾಸ್ಟಿಕ್ಕು. ಬಿಸಿ ಮಾಡಿ ಬಗ್ಗಿಸಿ, ಹಾಗೇ ಹಿಡಿದು ತಣ್ಣಗಾಗಿಸಿದ್ರೆ ಬಗ್ಗಿದ ಹಾಗೇ ನಿಲ್ಲುತ್ತೆ. ಮತ್ತೆ ಬಿಸಿ ತಾಗಿದ್ರೆ, ಎರಕ ಹೊಯ್ದಾಗ ಹೇಗಿತ್ತೋ ಆ ಆಕಾರಕ್ಕೆ ತಾನೇ ವಾಪಸ್ ಬರುತ್ತೆ. ಎಷ್ಟು ಬಿಸಿಗೆ ಎಷ್ಟು ವಾಪಸ್ ಬರುತ್ತೆ, ಎಷ್ಟು ಜೋರಾಗಿ ಎಳೆಯುತ್ತೆ... ಅದನ್ನ ಕಂಪ್ಯೂಟರಲ್ಲಿ ಮೊದಲೇ ಹೇಳೋ ಲೆಕ್ಕ ಅಕ್ಕಂದು. ಬೆಳಿಗ್ಗೆ ಗೈಡ್ ಮುಂದೆ ಇಡಬೇಕು. ಲೆಕ್ಕದ ಗೆರೆ ಮೇಲೆ, ಪ್ಲಾಸ್ಟಿಕ್ ಪಟ್ಟಿ ಕಾಯಿಸಿ ಅಳೆದ ಚುಕ್ಕಿ ಕೂರಬೇಕು. ಕೂರದಿದ್ರೆ ನಾಲ್ಕು ವರ್ಷ ಮಣ್ಣುಪಾಲು.

ಹನ್ನೊಂದು ಪಟ್ಟಿ ಕೂತ್ವು. ಹನ್ನೆರಡನೇದು ಮುರಿದುಹೋಗಿತ್ತು. ಅದಕ್ಕೆ ಅಕ್ಕ ಅಚ್ಚಣ್ಣನ ಡ್ರಾಯರಿಂದ ಒಂದು ಹಳೇ ಪಟ್ಟಿ ತಗೊಂಡ್ಲು. ಗೇಣುದ್ದ, ಬೆರಳಗಲ. ಅಚ್ಚಣ್ಣ ಅಂದ್ರೆ ಲ್ಯಾಬಲ್ಲಿ ಅಚ್ಚಿಗೆ ಎರಕ ಹೊಯ್ದು ಪಟ್ಟಿ ಮಾಡಿಕೊಡ್ತಿದ್ದ ವಯಸ್ಸಾದೋರು. ಎರಡು ತಿಂಗಳ ಹಿಂದೆ ತೀರಿಹೋದ್ರು. ಅವರದೊಂದು ಹಠ ಇತ್ತಂತೆ. ಅಳತೆ ಪುಸ್ತಕಕ್ಕೆ ಏರೋ ತನಕ ಪಟ್ಟಿ ಕಚ್ಚಿ ಹಿಡಿಯೋ ತಿರುಪಿನ ಹಿಡಿಕೆ ಬಿಚ್ಚುತ್ತಿರಲಿಲ್ಲ. "ಬರ್ಕೊಂಡ್ಯಾ ಮಗಾ?" ಅಂತಿದ್ರು. ಬರ್ಕೊಂಡೆ ಅಂದ ಮೇಲೇ ತಿರುಪಿಗೆ ಕೈ ಹಾಕೋದು.

ಪಟ್ಟಿಗಳ ಎರಕ ನೇರ, ಬಿಸಿಗೆ ನೇರಕ್ಕೇ ವಾಪಸ್ ಬರಬೇಕು. ಆ ಹಳೇ ಪಟ್ಟಿ ನೇರ ಆಗಲೇ ಇಲ್ಲ. ಅರವತ್ತು ಡಿಗ್ರಿ... ಎಪ್ಪತ್ತು... ಬಿಲ್ಲಿನ ಹಾಗೆ ಬಾಗ್ತಾ ಹೋಯ್ತು. ಅಕ್ಕ ಒತ್ತಿ ನೇರ ಮಾಡಿ ತಣ್ಣಗಾಗಿಸಿದ್ಲು. ಆಮೇಲೆ ಕಂಪ್ಯೂಟರಲ್ಲಿ ಆ ಸಾಲನ್ನೇ ಅಳಿಸಿಬಿಟ್ಲು. ಪುಸ್ತಕಕ್ಕೂ ಬರೀಲಿಲ್ಲ. ಪಟ್ಟಿಯನ್ನ ಸ್ವೆಟರ್ ಜೇಬಿಗೆ ತುರುಕಿದ್ಲು, ಬಾವಿಗೆ ಎಸೆಯೋಣ ಅಂತ.

ಬಾವಿ ಹತ್ರ ಬಂದ್ರು. ಅಕ್ಕ ಪಟ್ಟಿ ಹಿಡಿದ ಬಲಗೈನ ಜಾಲರಿ ಕಂಡಿಯೊಳಗೆ ಇಳಿಸಿದ್ಲು. ಮೊಣಕೈ ತನಕ.

ಟಿಕ್...

ಒಣಗಿದ ಅವರೆಕಾಯಿ ಸಿಪ್ಪೆ ಒಡೆಯುತ್ತಲ್ಲ, ಹಾಗೆ. ಆಮೇಲೆ ಉಣ್ಣೆ ಮೇಲೆ ಏನೋ ಜಾರಿದ ಸದ್ದು. ಸರ್ರ್...

ಚಳಿ ಎಷ್ಟಿತ್ತು ಅಂದ್ರೆ ಬಾಯಿಂದ ಹೊಗೆ ಬರ್ತಿತ್ತು. ಕೈ ಸುಡೋ ಬಿಸಿ ಇಲ್ಲದೆ ಆ ಪ್ಲಾಸ್ಟಿಕ್ ಅಲ್ಲಾಡಲ್ಲ. ಅಲ್ಲಾಡಬಾರದು. ಆದ್ರೆ ಅದು ಅಕ್ಕನ ಮಣಿಕಟ್ಟು ಸುತ್ಕೊಳ್ತಿತ್ತು.

"ಏನಾಯ್ತೇ?"

"ಹಿಡ್ಕೊಂಡಿದೆ..."

"ಯಾರು?"

ಗೂಬೆ ತೋಳು ಹಿಡಿದು ಎಳೆದ್ಲು. ಕಂಡಿಯಿಂದ ಕೈ ಬರಲಿಲ್ಲ. ಕೆಳಗಿಂದ ಸದ್ದು. ಕಿರ್ರ್... ನಿಂತಿತು. ಮತ್ತೆ ಕಿರ್ರ್... ಪ್ರತಿ ಸಲಕ್ಕೂ ಬಿಗಿ ಜಾಸ್ತಿ. ಎಣ್ಣೆ ಕಾಣದ ತಿರುಪನ್ನ ಅರ್ಧ ಸುತ್ತು ತಿರುಗಿಸಿದ ಹಾಗೆ. ಅಕ್ಕನಿಗೆ ಆ ಸದ್ದು ಗೊತ್ತಿತ್ತು. ನಾಲ್ಕು ವರ್ಷ ದಿನಾ ಕೇಳಿದ್ಲು.

"ಅಚ್ಚಣ್ಣ... ಬರೀತೀನಿ," ಅಂದ್ಲು, ಪಿಸುಗುಟ್ಟಿ.

ಬಿಡಲಿಲ್ಲ.

"ಗೂಬೆ, ಬ್ಯಾಗಲ್ಲಿ ಪುಸ್ತಕ ಇದೆ. ತೆಗಿ."

"ಹುಚ್ಚಾ ನಿಂಗೆ? ಈಗ ಹೋಮ್‌ವರ್ಕಾ?"

"ತೆಗಿಯೇ!"

ಗೂಬೆ ಮೊಬೈಲ್ ಟಾರ್ಚ್ ಹಿಡಿದ್ಲು. ಅಕ್ಕ ಎಡಗೈಯಲ್ಲಿ ಗೀಚಿದ್ಲು. ಹನ್ನೆರಡು. ಹಳೇ ಪಟ್ಟಿ. ಎಪ್ಪತ್ತು ಡಿಗ್ರಿ. ನೇರ ಆಗಲಿಲ್ಲ, ಬಾಗಿತು.

"ಬರ್ಕೊಂಡೆ..."

ಟಿಕ್. ಬಿಟ್ಟಿತು. ಕೈ ಹೊರಗೆ ಬಂತು, ಬೆರಳ ಸಂದಿಯಲ್ಲಿ ಪಟ್ಟಿ. ನೇರ. ತಣ್ಣಗೆ.

ಬೆಳಿಗ್ಗೆ ಅಕ್ಕ ಹನ್ನೆರಡೂ ಚುಕ್ಕಿ ಇಟ್ಟೇ ಗೈಡ್‌ಗೆ ತೋರಿಸಿದ್ಲು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ರು. "ಇದೊಂದು ಯಾಕೆ ಕೂತಿಲ್ಲ ಅಂತ ಗೊತ್ತಾಗೋ ತನಕ ನಿನ್ನ ಲೆಕ್ಕ ಅರ್ಧವೇ. ಇನ್ನೊಂದು ವರ್ಷ ಕೂತ್ಕೋಬೇಕಮ್ಮಾ," ಅಂದ್ರು. ಅಕ್ಕ ಅಳಲಿಲ್ಲವಂತೆ. ನಿದ್ದೆ ಬಂತಂತೆ, ಅಲ್ಲೇ.

ಗೈಡೇ ಆ ಪಟ್ಟಿಯನ್ನ ಬಿಸಿನೀರಿಗೆ ಹಾಕಿದ್ರು. ಈ ಸಲ ಪೂರ್ತಿ ಸುತ್ಕೊಂಡು ಬಳೆ ಆಯ್ತು. ಎಷ್ಟು ಸಲ ಹಾಕಿದ್ರೂ ಅಷ್ಟೇ ಬಳೆ. ಒಳಸುತ್ತು ಹದಿನೈದೂವರೆ ಸೆಂಟಿಮೀಟರ್. ಲ್ಯಾಬಲ್ಲಿ ಇರೋ ಅಚ್ಚೆಲ್ಲ ಚಪ್ಪಟೆ, ಬಳೆ ಅಚ್ಚು ಒಂದೂ ಇಲ್ಲ.

ಅಕ್ಕನ ಮಣಿಕಟ್ಟನ್ನ ನಾನೇ ಅಳೆದೆ, ಅಮ್ಮನ ಹೊಲಿಗೆ ಟೇಪಲ್ಲಿ. ಹದಿನೈದೂವರೆ. ನಂಬದಿದ್ರೆ ನೀವೇ ಹೋಗಿ ಅಳೀರಿ, ಅಕ್ಕ ಕೈ ಕೊಡ್ತಾಳೆ. ಪಟ್ಟಿನೂ ಲ್ಯಾಬಲ್ಲಿದೆ. ಹಿಂದುಗಡೆ ಎರಕ ಹೊಯ್ದ ತಾರೀಕು ಮೊಳೆಯಲ್ಲಿ ಗೀಚಿದೆ, ಹದಿನಾಲ್ಕು ವರ್ಷ ಹಿಂದಿನದು. ಆಗ ಅಕ್ಕ ಎಂಟನೇ ಕ್ಲಾಸು.